ಮೊದಲ ಬೊಗಸೆ

ಸುಂದರಿಯ ಮನೆಗೆ ಬಾವಿ ಇರಲಿಲ್ಲ.

ಅವಳ ಗಂಡ ದೇರಣ್ಣ ಬಾವಿ ತೊಳೆಯುವವನು. ಬೆಳ್ಳಾರೆಯಿಂದ ಆಲಂಕಾರಿನವರೆಗೆ ಅವನು ಇಳಿಯದ ಬಾವಿ ಕಡಿಮೆ. ಬೇಸಗೆ ಬಂತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಊರವರ ನೀರಿನ ಕೆಸರು ತೆಗೆದು ಸಂಜೆ ಮನೆಗೆ ಬಂದರೆ ಮೈ ತೊಳೆಯಲು ನೀರಿರುತ್ತಿರಲಿಲ್ಲ. ಕಾಲನಿಗೆಲ್ಲ ಸೇರಿ ಪಂಚಾಯತಿನ ಒಂದು ನಲ್ಲಿ. ಅದರಲ್ಲಿ ಎರಡು ದಿನಕ್ಕೊಮ್ಮೆ ನೀರು. ಮೇ ತಿಂಗಳಲ್ಲಿ ಅದೂ ಬರೀ ಗಾಳಿ ಉಗುಳುತ್ತಿತ್ತು.

ಕಾಲನಿಯ ಗುಡ್ಡೆ ಇಳಿದು ರಸ್ತೆ ದಾಟಿದರೆ ಧರ್ಮಪಾಲನ ಮನೆ. ಸುತ್ತ ರಬ್ಬರು, ಅಂಗಳಕ್ಕೆ ಇಂಟರ್‌ಲಾಕ್, ಗೇಟಿಗೆ ಕ್ಯಾಮರಾ. ಕಾಲನಿಯವರಿಗೆ ಅವನು ಧಣಿ. ಅಂಗಳದ ಮೂಲೆಯಲ್ಲಿ ಮುರಕಲ್ಲಿನ ಹಳೆಯ ಬಾವಿ. ಅದನ್ನು ಮುಟ್ಟಬಾರದು ಎಂದು ಸುಂದರಿಗೆ ಯಾರೂ ಹೇಳಿರಲಿಲ್ಲ. ಈಗ ಹಾಗೆಲ್ಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕೇಸಾಗುತ್ತದೆ. ಅವರು ಹಗ್ಗ ಮತ್ತು ಕೊಡಪಾನವನ್ನು ಒಳಗಿಟ್ಟುಕೊಳ್ಳುತ್ತಿದ್ದರು, ಅಷ್ಟೆ. ಕೆಲಸದವರಿಗೆ ಬಾಯಾರಿದರೆ ಧಣಿಯ ಹೆಂಡತಿ ಲೋಲಾಕ್ಷಿ ಪೇಪರ್ ಲೋಟದಲ್ಲಿ ನೀರು ತಂದು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಮೊದಲು ತೆಂಗಿನ ಚಿಪ್ಪಿನ ಗೆರಟೆ ಇತ್ತು. ಪೇಪರ್ ಲೋಟ ಬಂದದ್ದನ್ನು ಊರಿನಲ್ಲಿ ಸುಧಾರಣೆ ಎಂದು ಕರೆಯುತ್ತಾರೆ.

ವರ್ಷಕ್ಕೆ ಒಂದು ದಿನ ಮಾತ್ರ ದೇರಣ್ಣ ಆ ಬಾವಿಯ ನೀರನ್ನು ಕೈಯಾರೆ ಕುಡಿಯಬೇಕಿತ್ತು. ಕುಡಿಯಬಹುದಿತ್ತು ಅಲ್ಲ, ಕುಡಿಯಬೇಕಿತ್ತು. ಬಾವಿ ತೊಳೆದಾದ ಮೇಲೆ ತಳದಲ್ಲಿ ಹೊಸ ಒರತೆ ಏಳುತ್ತದೆ. ಅದರ ಮೊದಲ ಬೊಗಸೆ ತೊಳೆದವನದ್ದು. ಅವನು ತಳದಲ್ಲಿ ನಿಂತು ಕುಡಿದು, ಮೇಲೆ ನಿಂತವರಿಗೆ ಕೇಳುವಂತೆ ‘ಸಿಹಿ ಉಂಟು’ ಎಂದು ಕೂಗಬೇಕು. ಆಮೇಲೆ ಒಂದೆರಡು ದಿನ ಕೆಸರು ಕೂರಲು ಬಿಟ್ಟು ಮನೆಯವರು ನೀರೆತ್ತುತ್ತಾರೆ. ಧಣಿಯ ಅಜ್ಜನ ಕಾಲದಿಂದ ಹಾಗೆ. ದೇರಣ್ಣನ ಅಪ್ಪನೂ ಕುಡಿದಿದ್ದ. ದೇರಣ್ಣನಿಗೆ ಅದೊಂದು ಹೆಮ್ಮೆ.

“ಎಷ್ಟು ದೊಡ್ಡ ಧಣಿ ಆದ್ರೂ ಅವರು ಕುಡಿಯುದು ನನ್ನ ಎಂಜಲು ಮಾರಾಯ್ತಿ,” ಎಂದು ಸುಂದರಿಯ ಹತ್ತಿರ ನಗಾಡುತ್ತಿದ್ದ.

ಆ ವರ್ಷ ಬಿಸಿಲು ವಿಪರೀತ ಇತ್ತು. ಬಾವಿಯ ಮೇಲೆ ಬಾಗಿದ ಕಾಡು ಮಾವಿನ ಮರದಲ್ಲಿ ಬಾವಲಿಗಳು ನೇತಾಡುತ್ತಿದ್ದವು. ಆಚೆ ಕೇರಳದಲ್ಲಿ ಬಾವಲಿಯಿಂದ ಜ್ವರ ಬಂದಿದೆ, ಬಂದವರು ಬದುಕುವುದು ಕಷ್ಟ ಎಂದು ಟಿವಿಯಲ್ಲಿ ಬರುತ್ತಿತ್ತು. ಸತ್ತ ಬಾವಲಿ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಪಂಚಾಯತಿನ ವಾಟ್ಸಾಪ್ ಗುಂಪಿನಲ್ಲೂ ಬಂದಿತ್ತು. ಆ ಗುಂಪಿನಲ್ಲಿ ಧರ್ಮಪಾಲ ಇದ್ದ. ಕಾಲನಿಯವರು ಇರಲಿಲ್ಲ.

ಧಣಿಯ ಮಗಳು ಮೋಕ್ಷಿತಾಳಿಗೆ ನಿಶ್ಚಿತಾರ್ಥ ಗೊತ್ತಾಗಿತ್ತು. ಕೊಳವೆಬಾವಿ ಕೈಕೊಟ್ಟಿತ್ತು. ನೆಂಟರಿಗೆ, ಅಡುಗೆಗೆ ನೀರು ಬೇಕು. ಧರ್ಮಪಾಲ ದೇರಣ್ಣನಿಗೆ ಹೇಳಿ ಕಳಿಸಿದ.

ಮೂವರು ಹೋದರು. ದೇರಣ್ಣ ಇಳಿಯುವವನು. ಅವನ ತಮ್ಮ ಬಾಬು ಹಗ್ಗ ಹಿಡಿಯುವವನು. ಅವನು ಆಲಂಕಾರಿನ ಹತ್ತಿರ ಹೆಂಡತಿಯ ಮನೆಯಲ್ಲಿರುತ್ತಿದ್ದ, ಈ ಕೆಲಸಕ್ಕೆಂದೇ ಬಸ್ಸು ಹತ್ತಿ ಬಂದಿದ್ದ. ಸುಂದರಿಯ ಕೆಲಸ ರಾಟೆಯಲ್ಲಿ ಬಂದ ಕೆಸರಿನ ಬುಟ್ಟಿ ಹಿಡಿದು ರಬ್ಬರಿನ ಬುಡಕ್ಕೆ ಸುರಿಯುವುದು.

ಪಂಪು ಇಟ್ಟು ನೀರು ಖಾಲಿ ಮಾಡಿದರು. ದೇರಣ್ಣ ಇಳಿದ. ಮೇಲಿನಿಂದ ನೋಡಿದರೆ ಅವನ ಬೋಳು ತಲೆ ಮಾತ್ರ ಕಾಣುತ್ತಿತ್ತು. ಬುಟ್ಟಿ ಏರುವುದು, ಇಳಿಯುವುದು. ಕೆಸರು ಸುಂದರಿಯ ತೋಳಿನಿಂದ ಕಂಕುಳಿಗೆ, ಅಲ್ಲಿಂದ ಸೊಂಟಕ್ಕೆ ಇಳಿಯುತ್ತಿತ್ತು. ಆ ಸಲ ಕೆಸರಿಗೆ ಬೇರೆ ನಾತ ಇತ್ತು. ಕೊಳೆತ ಎಲೆಯ ನಾತವಲ್ಲ.

ಪ್ರತಿ ವರ್ಷ ಬಾವಿಕಟ್ಟೆಗೆ ಒರಗಿ ನಿಂತು ಹಾಗೆ ಮಾಡು ಹೀಗೆ ಮಾಡು ಎನ್ನುವ ಧರ್ಮಪಾಲ ಅವತ್ತು ದೂರ ಜಗಲಿಯಲ್ಲಿ ನಿಂತಿದ್ದ. ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡಿದ್ದ.

“ಎಂತ ಧಣಿ, ಮದುಮಗಳ ಹಾಗೆ ಮುಖ ಮುಚ್ಚಿದ್ದೀರಿ?” ಬಾಬು ಕೇಳಿದ.

“ನಂಗೆ ಕೆಸರಿನ ವಾಸನೆ ಆಗುದಿಲ್ಲ ಮಾರಾಯ. ನೀನು ಹಗ್ಗ ನೋಡು.”

ಮಧ್ಯಾಹ್ನದ ಹೊತ್ತಿಗೆ ತಳದಿಂದ ದೇರಣ್ಣ ಕೂಗಿದ. “ಧಣೀ, ಒಂದು ಬಾವಲಿ ಉಂಟು. ಸತ್ತದ್ದು.”

“ಒಂದೇನಾ?” ಧರ್ಮಪಾಲ ಕೇಳಿದ.

“ಒಂದೇ. ಉಬ್ಬಿ ಹೋಗಿದೆ.”

“ಬುಟ್ಟಿಗೆ ಹಾಕು. ಕೆಲಸ ಬೇಗ ಮುಗಿಸಿ.”

ಬಾವಲಿಯನ್ನು ಸುಂದರಿ ಕೈಯಲ್ಲೇ ತೆಗೆದು ರಬ್ಬರಿನ ಬುಡದ ಗುಂಡಿಗೆ ಹಾಕಿದಳು. ರೆಕ್ಕೆ ಬೆರಳಿಗೆ ಅಂಟಿತು. ಕೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಬುಟ್ಟಿ ಹಿಡಿದಳು.

ಒರತೆ ಎದ್ದಿತು. ದೇರಣ್ಣ ಕೈ ತೊಳೆದ. ಬೊಗಸೆಯಲ್ಲಿ ಎತ್ತಿ ಕುಡಿದ. ಈ ಸಲ ಕೂಗು ಬರುವುದು ಸ್ವಲ್ಪ ತಡವಾಯಿತು.

“ಹೇಗುಂಟು?” ಧರ್ಮಪಾಲ ಜಗಲಿಯಿಂದಲೇ ಕೇಳಿದ.

“ಸಿಹಿ ಉಂಟು!”

“ಇನ್ನೊಂದು ಸಲ ಕುಡಿ. ಸರಿ ನೋಡಿ ಹೇಳು.”

ದೇರಣ್ಣ ಇನ್ನೊಂದು ಬೊಗಸೆ ಕುಡಿದ.

ಮರುದಿನ ಸಂಜೆ ಧರ್ಮಪಾಲ ಫೋನು ಮಾಡಿದ. ಸುಂದರಿಯೇ ಎತ್ತಿದಳು. “ದೇರಣ್ಣ ಹೇಗಿದ್ದಾನೆ? ಆರಾಮಾ?” ಎಂದು ಕೇಳಿ ಇಟ್ಟ. ಅದರ ಮರುದಿನವೂ ಮಾಡಿದ. ಆಮೇಲೆ ದಿನಾ.

ಇಷ್ಟು ವರ್ಷದಲ್ಲಿ ಒಮ್ಮೆಯೂ ಧಣಿ ಹಾಗೆ ಕೇಳಿದ್ದಿಲ್ಲ. ದೇರಣ್ಣ ರಬ್ಬರಿನ ತೋಟದಲ್ಲಿ ಬಿದ್ದು ಕಾಲು ಮುರಿದುಕೊಂಡಾಗಲೂ ಕೇಳಿರಲಿಲ್ಲ. ಸುಂದರಿಗೆ ಖುಷಿಯಾಯಿತು. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

“ಧಣಿಗೆ ನನ್ನ ಮೇಲೆ ಲವ್ ಆದ ಹಾಗೆ ಉಂಟು,” ದೇರಣ್ಣ ಅಂದ. “ನಿಶ್ಚಿತಾರ್ಥ ನಂಗೇ ಇರ್ಬೇಕು.”

“ನಿಮ್ಮ ಮುಸುಡಿಗೆ! ಹಲ್ಲುಜ್ಜಿ ಮೊದಲು,” ಅಂದಳು ಸುಂದರಿ. ಪಿಯುಸಿ ಓದುವ ಮಗಳು ಪ್ರೀತಿಕಾ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಕ್ಕಳು.

ಒಂದು ವಾರ ಕಳೆದ ಮೇಲೆ ದೇರಣ್ಣನಿಗೆ ತಲೆನೋವು ಹಿಡಿಯಿತು. ಸಂಜೆಗೆ ಜ್ವರ. ಫೋನು ಬಂದಾಗ ಸುಂದರಿ ಹೇಳಿದಳು: “ಸ್ವಲ್ಪ ಜ್ವರ ಉಂಟು ಧಣಿ. ಬಿಸಿಲಿಗೆ ಆಗಿರ್ಬೇಕು.”

ಆ ಕಡೆಯಿಂದ ಫೋನು ಇಟ್ಟ ಸದ್ದು ಮಾತ್ರ.

ಮರುದಿನ ಬೆಳಿಗ್ಗೆ ಧಣಿಯ ಗೇಟಿನೊಳಗೆ ನೀರಿನ ಟ್ಯಾಂಕರ್ ಹೋಯಿತು. ಕಾಲನಿಯ ದಿಣ್ಣೆಯಿಂದ ಸುಂದರಿ ನೋಡಿದಳು. ತೊಳೆದ ಬಾವಿ ಇಟ್ಟುಕೊಂಡು ಟ್ಯಾಂಕರ್ ಯಾಕೆ ಎಂದು ಆಗ ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಒಳಗೆ ದೇರಣ್ಣ ವಾಂತಿ ಮಾಡುತ್ತಿದ್ದ. ಮಗಳನ್ನು ನೋಡಿ ‘ನೀನು ಯಾರು’ ಎನ್ನುತ್ತಿದ್ದ.

ಜೀಪು ಕೇಳಲು ಅವಳು ಓಡಿದಳು. ಗೇಟು ಹಾಕಿತ್ತು. ಲೋಲಾಕ್ಷಿ ಒಳಗಿನಿಂದಲೇ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಲ್ಲು! ಹತ್ತಿರ ಬರ್ಬೇಡ!”

“ಅಕ್ಕ, ಇವರಿಗೆ ಪ್ರಜ್ಞೆ ತಪ್ತಾ ಉಂಟು. ಜೀಪು ಒಂದು ಕೊಡಿಸಿ. ಪುತ್ತೂರಿಗೆ ಮುಟ್ಟಿಸಿದ್ರೆ ಸಾಕು.”

“ಅಯ್ಯೋ ದೇವರೇ, ನಾನು ಆಗ್ಲೇ ಬಡ್ಕೊಂಡೆ ಇವರತ್ರ. ಐದು ಬಾವಲಿ ಸತ್ತು ಬಿದ್ದ ಬಾವಿಗೆ ಜನ ಇಳಿಸುದು ಬೇಡ, ಹೇಳಿ ಬಿಡುವ ಇಲಾಖೆಯವರಿಗೆ ಅಂತ...”

ಲೋಲಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಮಾತು ಹೊರಗೆ ಬಂದಾಗಿತ್ತು.

ಸುಂದರಿ ಗೇಟಿನ ಸರಳು ಹಿಡಿದು ನಿಂತಳು. ದೇರಣ್ಣ ಎತ್ತಿದ್ದು ಒಂದು. ಉಳಿದ ನಾಲ್ಕನ್ನು ಮೊದಲೇ ಯಾರೋ ಬಲೆ ಹಾಕಿ ಎತ್ತಿದ್ದಾರೆ. ‘ಒಂದೇನಾ’ ಎಂದು ಧಣಿ ಕೇಳಿದ್ದು ಅದಕ್ಕೆ. ಮೂಗಿಗೆ ಬೈರಾಸು ಅದಕ್ಕೆ. ದಿನಾ ಫೋನು ಬಂದದ್ದೂ ಅದಕ್ಕೆ. ಅವರು ದೇರಣ್ಣನ ಆರೋಗ್ಯ ವಿಚಾರಿಸಿದ್ದಲ್ಲ. ಬಾವಿಯ ನೀರು ವಿಚಾರಿಸಿದ್ದು.

ಜೀಪು ಬರಲಿಲ್ಲ. ಆ್ಯಂಬುಲೆನ್ಸ್ ಮಧ್ಯಾಹ್ನಕ್ಕೆ ಬಂತು. ಪುತ್ತೂರಿನ ಆಸ್ಪತ್ರೆಯವರು ಮಂಗಳೂರಿಗೆ ಕಳಿಸಿದರು. ಮಂಗಳೂರಿನಲ್ಲಿ ಗಾಜಿನ ಬಾಗಿಲಿನ ಆಚೆ ಮಲಗಿಸಿದರು. ಮೂರನೆಯ ದಿನ ದೇರಣ್ಣ ಸತ್ತ. ಹೆಣವನ್ನು ಊರಿಗೆ ಕೊಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲೇ ಸುಟ್ಟರು. ದೂರದಲ್ಲಿ ನಿಲ್ಲಿಸಿ ತೋರಿಸಿದರು. ಸುಂದರಿಗೆ ಕಂಡದ್ದು ಹೊಗೆ ಮಾತ್ರ.

ತಾಯಿ ಮಗಳನ್ನು ಪರೀಕ್ಷೆ ಮಾಡಿ ಮನೆಗೆ ತಂದು ಬಿಟ್ಟರು. ಹೊರಗೆ ಬರಬಾರದು ಎಂದರು. ಕಾಲನಿಯ ದಾರಿಗೆ ಅಡ್ಡ ಬಿದಿರು ಕಟ್ಟಿದರು, ಒಬ್ಬ ಪೊಲೀಸನನ್ನು ಕೂರಿಸಿದರು. ಅಕ್ಕಿ, ತೆಂಗಿನಕಾಯಿಯ ಚೀಲ ಬಿದಿರಿನ ಬುಡದಲ್ಲಿ ಇಟ್ಟು ಕೂಗಿ ಹೋಗುತ್ತಿದ್ದರು. ನಾಯಿಗೆ ಇಟ್ಟ ಹಾಗೆ. ಪೇಪರ್ ಲೋಟವೂ ಈಗ ದೊಡ್ಡ ಮರ್ಯಾದೆ ಎನಿಸುವಂತಿತ್ತು.

ಪ್ರೀತಿಕಾಳ ಮೊಬೈಲಿನಲ್ಲಿ ಸುದ್ದಿ ಬಂತು. ‘ಬಾವಲಿ ತಿಂದ ಕೂಲಿ ಕಾರ್ಮಿಕ ಬಲಿ.’ ಕೆಳಗೆ ದೇರಣ್ಣನ ಪಡಿತರ ಚೀಟಿಯ ಫೋಟೋ. ಅದರ ಕೆಳಗೆ ಜನ ನಗುವ ಚಿತ್ರ ಹಾಕಿದ್ದರು. ಕ್ಲಾಸಿನ ಗುಂಪಿನಲ್ಲಿ ಯಾರೋ ‘ಪ್ರೀತಿಕಾ, ಬಾವಲಿ ಸುಕ್ಕ ಹೇಗೆ ಮಾಡುದು?’ ಎಂದು ಕೇಳಿದ್ದರು. ಅವಳು ಅತ್ತಿರಲಿಲ್ಲ. ಮೊಬೈಲನ್ನು ಅಮ್ಮನ ಮುಂದಿಟ್ಟು, “ಓದು,” ಅಂದಳು. ಸುಂದರಿಗೆ ಓದಲು ಬರುತ್ತಿರಲಿಲ್ಲ. ಮಗಳೇ ಒಂದೊಂದಾಗಿ ಓದಿ ಹೇಳಿದಳು. ಪೂರ್ತಿ ಓದಿ ಹೇಳಿದಳು.

ಆ ಮಾತು ಎಲ್ಲಿಂದ ಬಂತು ಎಂದು ಮರುದಿನ ಗೊತ್ತಾಯಿತು. ಪಂಚಾಯತ್ ಮೆಂಬರ್ ವೆಂಕಟ್ರಮಣ ಫೋನು ಮಾಡಿದ. ಅವನು ಧಣಿಯ ಭಾವಮೈದುನ, ಲೋಲಾಕ್ಷಿಯ ತಮ್ಮ.

“ಸುಂದರಿ, ಆದದ್ದು ಆಯ್ತು. ಇವತ್ತು ಡಾಕ್ಟರ್ ಬರ್ತಾರೆ. ಎಲ್ಲಿಂದ ತಾಗಿತು ಕೇಳ್ತಾರೆ. ಬಾವಲಿ ತಿಂದದ್ದು ಅಂತ ಹೇಳು.”

“ಇವರು ತಿಂದದ್ದು ನೀವು ನೋಡಿದ್ದೀರಾ?”

“ಅದರಲ್ಲಿ ನಾಚಿಕೆ ಎಂತ ಮಾರಾಯ್ತಿ? ನಿಮ್ಮವರು ತಿಂತಿದ್ರು ಅಂತ ಊರಿಗೇ ಗೊತ್ತುಂಟು. ಆಗುದಿಲ್ಲಾಂದ್ರೆ ಬಾವಲಿ ಕಚ್ಚಿದ ಹಣ್ಣು ಅಂತ ಹೇಳು.”

“ಬಾವಿ?”

“ಯಾವ ಬಾವಿ? ಈ ವರ್ಷ ಬಾವಿ ತೊಳೆಯಲೇ ಇಲ್ಲ. ಅಲ್ಲಿ ಒಂದು ಹುಡುಗಿಯ ನಿಶ್ಚಿತಾರ್ಥ ಉಂಟು ಸುಂದರಿ. ಒಂದು ಮಾತಿನಿಂದ ಅದನ್ನು ಹಾಳು ಮಾಡಿ ನಿನಗೆ ಎಂತ ಸಿಗ್ತದೆ? ಪ್ರೀತಿಕಾಳ ಕಾಲೇಜು ಭಾವ ನೋಡ್ಕೊಳ್ತಾರೆ, ನಾನು ಜವಾಬ್ದಾರಿ. ಅಲ್ಲ, ಬಾವಿ ಅಂತಲೇ ಬಾಯಿ ಬಿಡ್ತೀಯಾ, ನಾಳೆಯಿಂದ ಈ ಊರಿನಲ್ಲಿ ನಿನ್ನನ್ನು ಯಾರು ಕೆಲಸಕ್ಕೆ ಕರೀತಾರೆ ನೋಡು.”

ಸುಂದರಿ ಮಗಳನ್ನು ನೋಡಿದಳು. ಪ್ರೀತಿಕಾ ಗೋಡೆಗೆ ಮುಖ ಮಾಡಿ ಕೂತಿದ್ದಳು.

“ಆಯ್ತು,” ಅಂದಳು ಸುಂದರಿ.

ಸತ್ತವನಿಗೆ ಏನೆಂದರೂ ತಾಗುವುದಿಲ್ಲ. ಬದುಕಿರುವ ಮಗಳು ಓದಬೇಕು. ಹಾಗೆ ಯೋಚಿಸಿದಳು.   

ಆಗ ಬಾಬುವಿನ ಫೋನು ಬಂತು.

“ಅತ್ತಿಗೆ, ನನ್ನ ತಲೆ ಒಡೀತದೆ. ಮನೆಯ ಮಾಡೇ ತಿರುಗಿದ ಹಾಗೆ ಕಾಣ್ತದೆ.”

“ಯಾವಾಗಿಂದ?”

“ನಿನ್ನೆಯಿಂದ. ಯಾರತ್ರವೂ ಹೇಳ್ಬೇಡಿ ಅತ್ತಿಗೆ. ಹೇಳಿದ್ರೆ ನನ್ನನ್ನೂ ಗಾಜಿನೊಳಗೆ ಹಾಕ್ತಾರೆ. ಮಗು ನನ್ನ ಹತ್ತಿರವೇ ಮಲಗುದು. ನಾನಿಲ್ಲದೆ ಮಲಗುದಿಲ್ಲ ಅದು.”



ಇಷ್ಟು ದಿನ ಎಲ್ಲರೂ ಕೇಳಿದ್ದು ದೇರಣ್ಣನ ಮನೆಯಲ್ಲಿ ಯಾರಿದ್ದಾರೆ ಎಂದು. ದೇರಣ್ಣ ಬಾವಲಿ ತಿಂದಿದ್ದರೆ ಮನೆಯವರನ್ನು ನೋಡಿದರೆ ಸಾಕು. ಆಲಂಕಾರಿನ ಬಾಬುವನ್ನು ಯಾರು ಹುಡುಕುತ್ತಾರೆ? ಬಾವಿ ಇಲ್ಲದಿದ್ದರೆ ಹಗ್ಗ ಹಿಡಿದವನೂ ಇಲ್ಲ. ಅವನು ಸಾಯುತ್ತಾನೆ. ಸಾಯುವ ಮೊದಲು ಮಗುವಿನ ಮೇಲೆ ಕೆಮ್ಮುತ್ತಾನೆ. ಆಮೇಲೆ ಆ ಮಗುವೂ ಬಾವಲಿ ತಿಂದಿತ್ತು ಎಂದು ಮೊಬೈಲಿನಲ್ಲಿ ಬರುತ್ತದೆ.

“ಮಗುವನ್ನು ಬೇರೆ ಮಲಗಿಸು. ಈಗಲೇ,” ಅಂದಳು. ಫೋನು ಇಟ್ಟಳು. ಮಾಡಿನ ಕೆಳಗೆ ನೇತುಹಾಕಿದ್ದ ದೇರಣ್ಣನ ಹಗ್ಗ ಎಳೆದು ತೆಗೆದಳು. ಅದರಲ್ಲಿ ಒಣಗಿದ ಕೆಸರು ಇನ್ನೂ ಇತ್ತು.

ಡಾಕ್ಟರ್ ಬಂದಿದ್ದಳು. ಗಾನಶ್ರೀ ಎಂದು ಹೆಸರು. ಬಿಳಿ ಉಡುಪಿನೊಳಗೆ ಕಣ್ಣು ಮಾತ್ರ ಕಾಣುತ್ತಿತ್ತು, ಚಿಕ್ಕ ವಯಸ್ಸಿನ ಕಣ್ಣು. ಬಿದಿರಿನ ಆಚೆ ಮಾಸ್ಕು ಹಾಕಿಕೊಂಡು ಧರ್ಮಪಾಲ ಮತ್ತು ವೆಂಕಟ್ರಮಣ ನಿಂತಿದ್ದರು. ಊರಿನ ಹಿರಿಯರಾಗಿ ಸಹಕಾರ ಕೊಡಲು ಬಂದಿದ್ದರಂತೆ.

“ಸುಂದರಿಯವರೇ, ನೆನಪು ಮಾಡಿ ಹೇಳಿ. ನಿಮ್ಮವರು ಬಾವಲಿ ಬೇಟೆಗೆ ಹೋಗ್ತಿದ್ರಾ? ಬಾವಲಿ ಬೀಳಿಸಿದ ಗೇರುಬೀಜ ಹೆಕ್ತೀರಾ? ಹೆದರ್ಬೇಡಿ. ಊಟದ ಬಗ್ಗೆ ನಾನು ತಪ್ಪು ತಿಳಿಯುದಿಲ್ಲ.”

“ಊಟ ಅಲ್ಲ ಅಮ್ಮ. ನೀರು.”

ವೆಂಕಟ್ರಮಣ ಕೆಮ್ಮಿದ.

“ಇವರು ಧಣಿಯ ಬಾವಿಗೆ ಇಳಿದದ್ದು. ಸತ್ತ ಬಾವಲಿ ಎತ್ತಿದ್ದು. ಎರಡು ಬೊಗಸೆ ನೀರು ಕುಡಿದದ್ದು. ಕುಡಿಸಿದ್ದು.”

ಡಾಕ್ಟರ್ ಬಿದಿರಿನ ಆಚೆ ನೋಡಿದಳು. “ಯಾವ ಬಾವಿ?”

“ಗಂಡ ಸತ್ತ ಹೆಂಗಸು ಡಾಕ್ಟ್ರೆ, ತಲೆ ಸರಿ ಇಲ್ಲ,” ಧರ್ಮಪಾಲ ಅಂದ. ದನಿ ಮೆತ್ತಗಿತ್ತು. “ಈ ವರ್ಷ ದೇರಣ್ಣ ನಮ್ಮ ಬಾವಿಗೆ ಇಳಿಯಲೇ ಇಲ್ಲ. ನಮ್ಮ ನೀರು ಒಳ್ಳೇದುಂಟು. ಪಾಪ, ಅವನು ಒಳ್ಳೆ ಮನುಷ್ಯ.”

ಸುಂದರಿ ಬಿದಿರಿನ ಅಡಿಯಿಂದ ನುಸುಳಿ ಹೊರಗೆ ಬಂದಳು.

“ಏಯ್! ಎಲ್ಲಿಗೆ?” ಪೊಲೀಸ ಎದ್ದ. ಲಾಠಿ ಎತ್ತಿದ. ಆದರೆ ಅವಳು ಅವನ ಕಡೆಗೇ ನಡೆದಾಗ ಅವನೇ ಹಿಂದೆ ಸರಿದ. ಅವಳ ಮೈ ಮುಟ್ಟುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅದು ಅವಳ ಉಪಯೋಗಕ್ಕೆ ಬಂತು.

ರಸ್ತೆ ದಾಟಿದಳು. ಗೇಟು ತೆರೆದಿತ್ತು. ಇಂಟರ್‌ಲಾಕಿನ ಮೇಲೆ ಬರಿಗಾಲಿನಲ್ಲಿ ನಡೆದಳು. ಹಿಂದಿನಿಂದ ಡಾಕ್ಟರ್ ಕೂಗುತ್ತಾ ಬರುತ್ತಿದ್ದಳು, ಧರ್ಮಪಾಲ ಬಯ್ಯುತ್ತಾ ಬರುತ್ತಿದ್ದ. ಸುಂದರಿ ಜಗಲಿ ಹತ್ತಿ ಬಾಗಿಲ ಬಳಿಯ ಕೊಡಪಾನ ಎತ್ತಿಕೊಂಡಳು. ಲೋಲಾಕ್ಷಿ ಕಿರುಚಿದಳು. ಸುಂದರಿ ಅದಕ್ಕೆ ದೇರಣ್ಣನ ಹಗ್ಗ ಬಿಗಿದು ಬಾವಿಗೆ ಇಳಿಬಿಟ್ಟಳು.

ಆ ಬಾವಿಯಿಂದ ಅವಳು ನೀರೆಳೆದದ್ದು ಅದೇ ಮೊದಲು. ಕೊಡಪಾನ ಭಾರ ಇತ್ತು. ಕಟ್ಟೆಯ ಮೇಲೆ ಇಟ್ಟಳು. ಹಿಂದೆ ಸರಿದು ನಿಂತಳು. ಲೋಲಾಕ್ಷಿ ಪೇಪರ್ ಲೋಟ ಇಟ್ಟು ಸರಿಯುತ್ತಿದ್ದ ಹಾಗೆಯೇ.

“ಕುಡೀರಿ ಧಣಿ.”

“ತಲೆ ಕೆಟ್ಟಿದೆಯಾ ನಿನಗೆ?”

“ಇವರ ಅಪ್ಪ ಕುಡಿದು ತೋರಿಸಿದ್ರು. ಇವರು ಕುಡಿದು ತೋರಿಸಿದ್ರು. ಇನ್ನು ನಮ್ಮವರು ಯಾರೂ ಕುಡಿಯುದಿಲ್ಲ. ಇವತ್ತು ನೀವು ತೋರಿಸಿ. ಒಳ್ಳೆ ನೀರಲ್ವಾ? ಒಂದು ಬೊಗಸೆ ಸಾಕು. ಕುಡಿದು ಸಿಹಿ ಉಂಟು ಅಂತ ಹೇಳಿ. ನಾನು ಇವರ ಬಾವಲಿ ತಿಂದ ಕತೆ ಎಲ್ಲಿ ಬೇಕಾದ್ರೂ ಹೇಳ್ತೇನೆ.”

ಧರ್ಮಪಾಲ ಕೊಡಪಾನ ನೋಡಿದ. ಅವನ ಕೈ ತಾನಾಗಿಯೇ ಮಾಸ್ಕಿನ ಮೇಲೆ ಹೋಯಿತು. ಒಂದು ಹೆಜ್ಜೆ ಹಿಂದಿಟ್ಟ. ಮತ್ತೊಂದು. ವೆಂಕಟ್ರಮಣ ಆಗಲೇ ಗೇಟಿನ ಹೊರಗಿದ್ದ.

“ಯಾರೂ ಆ ನೀರು ಮುಟ್ಟಬೇಡಿ,” ಡಾಕ್ಟರ್ ಅಂದಳು. ಅವಳ ಕಣ್ಣು ಅಂಗಳದ ಮೂಲೆಯ ಟ್ಯಾಂಕರಿನ ಪೈಪಿನ ಮೇಲಿತ್ತು. ಆಮೇಲೆ ಧರ್ಮಪಾಲನ ಕಾಲಿನ ಮೇಲೆ. “ಬಾವಿ ಒಳ್ಳೇದಿದ್ರೆ ಹಿಂದೆ ಯಾಕೆ ಹೋಗ್ತೀರಿ?”

ಅವನು ಮಾಸ್ಕನ್ನು ಮೇಲಕ್ಕೆಳೆದುಕೊಂಡ.

ಡಾಕ್ಟರ್ ಸುಂದರಿಯ ಕಡೆ ತಿರುಗಿದಳು. “ಬಾವಿಗೆ ಯಾರೆಲ್ಲ ಬಂದಿದ್ರು?”

“ಇಳಿದದ್ದು ಇವರು. ಬುಟ್ಟಿ ಹಿಡಿದದ್ದು ನಾನು. ಹಗ್ಗ ಹಿಡಿದದ್ದು ಇವರ ತಮ್ಮ ಬಾಬು. ಅವನಿಗೆ ನಿನ್ನೆಯಿಂದ ತಲೆನೋವು. ಆಲಂಕಾರಿನಲ್ಲಿ ಇದ್ದಾನೆ. ಸಣ್ಣ ಮಗು ಉಂಟು ಅಮ್ಮ. ಮೊದಲು ಅಲ್ಲಿಗೆ ಗಾಡಿ ಕಳಿಸಿ.”

ಗಾಡಿ ಹೋಯಿತು. ಸುಂದರಿಯನ್ನು ಮತ್ತೆ ಬಿದಿರಿನ ಒಳಗೆ ಕಳಿಸಿದರು. ಕಟ್ಟಳೆ ಮುರಿದದ್ದಕ್ಕೆ ಅವಳ ಮೇಲೆ ಕೇಸು ಹಾಕಿದರು. ಧರ್ಮಪಾಲನ ಮೇಲೆ ಹಾಕುತ್ತೇವೆ ಎಂದರು.

ಬಾಬು ಐದು ದಿನ ಗಾಜಿನ ಆಚೆ ಇದ್ದ, ಆರನೆಯ ದಿನ ಸತ್ತ. ಮಗುವಿಗೆ ಏನೂ ಆಗಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಬಿದಿರು ಬಿಚ್ಚಿದರು. ಇಲಾಖೆಯವರು ಬಾವಿಗೆ ಬಿಳಿ ಪುಡಿ ಸುರಿದು ಸ್ಲಾಬು ಹಾಕಿ ಮುಚ್ಚಿದರು. ಮೋಕ್ಷಿತಾಳ ನಿಶ್ಚಿತಾರ್ಥ ಸುಳ್ಯದ ಸಭಾಭವನದಲ್ಲಿ ನಡೆಯಿತು. ಸುಂದರಿಯನ್ನು ಊರಿನಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಳು ಮುಂಜಾನೆಯ ಬಸ್ಸಿನಲ್ಲಿ ರಾಮಕುಂಜದ ಕಡೆಗೆ ಮಣ್ಣು ಹೊರಲು ಹೋಗುತ್ತಾಳೆ. ಪ್ರೀತಿಕಾ ಕಾಲೇಜಿಗೆ ವಾಪಸು ಹೋದಳು. ಅವಳ ಬೆಂಚಿನಲ್ಲಿ ಅವಳೊಬ್ಬಳೇ ಕೂರುತ್ತಾಳೆ. ಕಾಲನಿಯ ನಲ್ಲಿಯಲ್ಲಿ ಈಗಲೂ ಎರಡು ದಿನಕ್ಕೊಮ್ಮೆ ನೀರು.

ದೇರಣ್ಣನ ಮನೆ ಕಳೆದುಕೊಂಡದ್ದು ಇಬ್ಬರು ಗಂಡಸರನ್ನು, ಇಲಾಖೆಯವರು ಸುಟ್ಟ ಒಂದು ಹಗ್ಗವನ್ನು. ಧಣಿಯ ಮನೆ ಕಳೆದುಕೊಂಡದ್ದು ಒಂದು ಬಾವಿ, ಸುಂದರಿ ಮುಟ್ಟಿದ ಒಂದು ಕೊಡಪಾನ.